ಸಂಜೆ 300, ನಸುಕಿನಲ್ಲಿ 56: ಏರಿಳಿಯುವ ಸಕ್ಕರೆಯನ್ನು ಗಂಟೆಯ ಲೆಕ್ಕದಲ್ಲಿ ಓದುವುದು

ಪ್ರಶ್ನೆ: ನನಗೆ 58 ವರ್ಷ. ಟೈಪ್ 2 ಮಧುಮೇಹ ಬಂದು 14 ವರ್ಷಗಳಾದವು. ಮೂರು ವರ್ಷಗಳಿಂದ ರುಮಟಾಯ್ಡ್ ಸಂಧಿವಾತವಿದೆ. ಅದಕ್ಕಾಗಿ ಒಂದು ವರ್ಷದಿಂದ ದಿನವೂ ಬೆಳಿಗ್ಗೆ 10 ಮಿಲಿಗ್ರಾಂ ಪ್ರೆಡ್ನಿಸೋಲೋನ್ ತೆಗೆದುಕೊಳ್ಳುತ್ತಿದ್ದೇನೆ. ಮೂತ್ರಪಿಂಡಗಳ ಶಕ್ತಿಯೂ ಕುಂದಿದೆ, ಇಜಿಎಫ್‌ಆರ್ (ಅವು ರಕ್ತವನ್ನು ಶೋಧಿಸುವ ವೇಗ) 34. ರಕ್ತಹೀನತೆಗೆ ಎರಿಥ್ರೊಪೊಯೆಟಿನ್ ಇಂಜೆಕ್ಷನ್, ರಕ್ತದೊತ್ತಡಕ್ಕೆ ಮೆಟೊಪ್ರೊಲೋಲ್, ಸಕ್ಕರೆಗೆ ಗ್ಲಿಮೆಪಿರೈಡ್ ಮಾತ್ರೆ ಮತ್ತು ದಿನಕ್ಕೆರಡು ಸಲ ಮಿಶ್ರ ಇನ್ಸುಲಿನ್ ನಡೆಯುತ್ತಿವೆ. ಆದರೂ ಸಕ್ಕರೆ ಒಮ್ಮೆ 310, ಇನ್ನೊಮ್ಮೆ 56. ಕೆಲವು ದಿನ ಊಟವಾದ ಮೇಲೂ ಇಳಿಯುತ್ತದೆ. ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಪರೀಕ್ಷೆ 6.9 ಇದೆ, ಚಿಂತೆ ಬೇಡ ಎಂದು ಒಬ್ಬ ವೈದ್ಯರು ಹೇಳಿದರು. ಸಂಜೆಯ ಸಕ್ಕರೆ ನೋಡಿ ಇನ್ನೊಬ್ಬರು ರಾತ್ರಿಯ ಇನ್ಸುಲಿನ್ ಹೆಚ್ಚಿಸಿದರು. ನಾನು ಕದ್ದು ತಿನ್ನುತ್ತೇನೆಂದು ಮನೆಯವರಿಗೆ ಅನುಮಾನ. ಮುಂದಿನ ತಿಂಗಳು ಪ್ರೆಡ್ನಿಸೋಲೋನನ್ನು 7.5ಕ್ಕೆ ಇಳಿಸುವವರಿದ್ದಾರೆ. ಮೂರು ವಾರಗಳ ಪಟ್ಟಿಯನ್ನು ಇದರೊಂದಿಗೆ ಕಳುಹಿಸಿದ್ದೇನೆ. ಇದನ್ನೆಲ್ಲ ಹೇಗೆ ಅರ್ಥ ಮಾಡಿಕೊಳ್ಳಲಿ?

ಉತ್ತರ: ನಿಮ್ಮ ಪಟ್ಟಿ ತಾರೀಖಿನ ಪ್ರಕಾರ ಇದೆ. ಹಾಗೆ ಓದಿದಾಗ 88, 290, 64, 152, 310 ಎಂದು ಅಂಕಿಗಳು ದಿಕ್ಕುದೆಸೆಯಿಲ್ಲದೆ ಕುಣಿಯುತ್ತಿರುವಂತೆ ಕಾಣುತ್ತದೆ. ನಾನು ಅದನ್ನು ಗಂಟೆಯ ಪ್ರಕಾರ ಮರುಜೋಡಿಸಿ ನೋಡಿದೆ. ಬೆಳಿಗ್ಗೆ ಎದ್ದಾಗ ನೋಡಿದ ಅಂಕಿಗಳೆಲ್ಲ 78ರಿಂದ 112ರ ನಡುವೆ ಇವೆ. ಮಧ್ಯಾಹ್ನದ ಊಟಕ್ಕೆ ಮುಂಚಿನವು 130ರಿಂದ 170. ಸಂಜೆ ಐದರ ಸುಮಾರಿಗೆ ನೋಡಿದವು 240ರಿಂದ 310. ಮಲಗುವಾಗ 200ಕ್ಕಿಂತ ತುಸು ಮೇಲೆ. ಬೆವತು ಎಚ್ಚರವಾಗಿ ನಸುಕಿನ ಮೂರು ಗಂಟೆಗೆ ನೋಡಿಕೊಂಡ ನಾಲ್ಕು ಸಲದ ಅಂಕಿಗಳು 56, 61, 64 ಮತ್ತು 92. ಅಂದರೆ ಒಂದೊಂದು ಹೊತ್ತಿಗೆ ನಿಮ್ಮ ಸಕ್ಕರೆ ಹೆಚ್ಚುಕಡಿಮೆ ಒಂದೇ ರೀತಿ ವರ್ತಿಸುತ್ತಿದೆ. ಹೊತ್ತಿನಿಂದ ಹೊತ್ತಿಗೆ ಮಾತ್ರ ಬಹಳ ಬದಲಾಗುತ್ತಿದೆ. ಇದು ಮನಬಂದಂತೆ ಆಗುತ್ತಿರುವ ಏರಿಳಿತವಲ್ಲ. ಪ್ರತಿದಿನ ಒಂದೇ ದಾರಿಯಲ್ಲಿ ಹತ್ತಿ ಇಳಿಯುವ ಸಕ್ಕರೆಗೆ ಪ್ರತಿದಿನ ಅದೇ ಹೊತ್ತಿಗೆ ಕೆಲಸ ಮಾಡುವ ಕಾರಣಗಳು ಇರಲೇಬೇಕು, ಮತ್ತು ನಿಮ್ಮ ಔಷಧಗಳ ಪಟ್ಟಿಯಲ್ಲಿಯೇ ಅವುಗಳಲ್ಲಿ ಹೆಚ್ಚಿನವು ಕಾಣಿಸುತ್ತಿವೆ.

ಕದ್ದು ತಿನ್ನುವ ಅನುಮಾನದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಮಾತು ಮನೆಯಲ್ಲಿ ಇರುವವರೆಗೆ ನೀವು ನಿಜವಾದ ಅಂಕಿಗಳನ್ನು ಬರೆದಿಡಲು ಹಿಂಜರಿಯುತ್ತೀರಿ. ವಯಸ್ಕರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತವಿರುತ್ತದೆ. ಸಕ್ಕರೆ 100 ಇದ್ದಾಗ ಆ ಅಷ್ಟೂ ರಕ್ತದಲ್ಲಿರುವ ಗ್ಲುಕೋಸ್ ಒಂದು ಚಿಕ್ಕ ಚಮಚೆಯಷ್ಟು, ಸುಮಾರು 5 ಗ್ರಾಂ ಮಾತ್ರ. ಇಷ್ಟು ಸಣ್ಣ ಕೊಳಕ್ಕೆ ಒಂದು ಕಡೆಯಿಂದ ಊಟದ ಗ್ಲುಕೋಸ್, ಇನ್ನೊಂದು ಕಡೆಯಿಂದ ಯಕೃತ್ತು ತಾನೇ ತಯಾರಿಸುವ ಗ್ಲುಕೋಸ್ ಹರಿದು ಬರುತ್ತಲೇ ಇರುತ್ತದೆ, ಸ್ನಾಯುಗಳೂ ಮೆದುಳೂ ಅದನ್ನು ಖಾಲಿ ಮಾಡುತ್ತಲೇ ಇರುತ್ತವೆ. ಯಕೃತ್ತಿನ ಬಿಗಿಹಿಡಿತ ಕೊಂಚ ಸಡಿಲವಾದರೂ ಸಾಕು, ತುತ್ತು ಅನ್ನ ಬಾಯಿಗೆ ಹಾಕದೆಯೇ ಸಕ್ಕರೆ 300 ಮುಟ್ಟಬಲ್ಲದು. ದೀರ್ಘಕಾಲದ ಕಾಯಿಲೆಗಳು ಮತ್ತು ಅವುಗಳ ಔಷಧಗಳು ಕೈ ಹಾಕುವುದು ಸರಿಯಾಗಿ ಇದೇ ಜಾಗದಲ್ಲಿ.

ಸಂಜೆಯ ಏರಿಕೆಗೆ ಕಾರಣ ನಿಮ್ಮ ಪ್ರೆಡ್ನಿಸೋಲೋನ್ ಎಂಬುದು ನನ್ನ ಅಂದಾಜು, ಮತ್ತು ಈ ಅಂದಾಜಿನ ಬಗ್ಗೆ ನನಗೆ ಸಾಕಷ್ಟು ಭರವಸೆಯಿದೆ. ಈ ಸ್ಟಿರಾಯ್ಡ್ ಯಕೃತ್ತಿನಿಂದ ಗ್ಲುಕೋಸ್ ಹೊರಬರುವುದನ್ನು ಹೆಚ್ಚಿಸುತ್ತದೆ, ಸ್ನಾಯುಗಳು ಇನ್ಸುಲಿನ್ನಿನ ಮಾತು ಕೇಳದಂತೆ ಮಾಡುತ್ತದೆ, ಮೇದೋಜೀರಕ ಗ್ರಂಥಿಯ ಸ್ರಾವವನ್ನೂ ತಗ್ಗಿಸುತ್ತದೆ. ಆದರೆ ಇದನ್ನೆಲ್ಲ ಅದು ದಿನದ ಎಲ್ಲ ಹೊತ್ತೂ ಸಮನಾಗಿ ಮಾಡುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ನುಂಗಿದ ಮಾತ್ರೆಯ ಪ್ರಭಾವ ಸಕ್ಕರೆಯ ಮೇಲೆ ನಾಲ್ಕರಿಂದ ಎಂಟು ಗಂಟೆಗಳ ನಂತರ ಹೆಚ್ಚಾಗಿ ಕಾಣಿಸಿಕೊಂಡು, ಹನ್ನೆರಡರಿಂದ ಹದಿನಾರು ಗಂಟೆಗಳ ಹೊತ್ತಿಗೆ ಬಹುಮಟ್ಟಿಗೆ ಇಳಿದುಹೋಗುತ್ತದೆ. ಆದ್ದರಿಂದ ಮಧ್ಯಾಹ್ನದ ಊಟದ ನಂತರದಿಂದ ಸಂಜೆಯವರೆಗೆ ಸಕ್ಕರೆ ಬೆಟ್ಟದಂತೆ ಏರಿ, ಮಧ್ಯರಾತ್ರಿ ದಾಟುವಾಗ ಅದು ತಾನಾಗಿಯೇ ಇಳಿಯತೊಡಗುತ್ತದೆ. ಬೆಳಗಿನ ಖಾಲಿ ಹೊಟ್ಟೆಯ ಪರೀಕ್ಷೆ ಒಂದನ್ನೇ ಮಾಡಿಸುವವರಲ್ಲಿ ಈ ಬೆಟ್ಟ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿದದ್ದನ್ನು ನಾನು ಕಂಡಿದ್ದೇನೆ. ಬೇರೆ ಸ್ಟಿರಾಯ್ಡ್‌ಗಳ ಗಡಿಯಾರ ಬೇರೆ: ಡೆಕ್ಸಾಮೆಥಾಸೋನ್ ಒಂದೂವರೆ ದಿನಕ್ಕೂ ಮೀರಿ ಸಕ್ಕರೆಯನ್ನು ಎತ್ತಿ ಹಿಡಿಯಬಲ್ಲದು, ಕೀಲಿನೊಳಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ನಿನ ಪರಿಣಾಮವೂ ಕೆಲವು ದಿನ ಉಳಿಯಬಹುದು. ನಿಮ್ಮ ಮೊಣಕಾಲಿಗೆ ಎಂದಾದರೂ ಅಂಥ ಇಂಜೆಕ್ಷನ್ ಕೊಟ್ಟರೆ ಆ ತಾರೀಖನ್ನು ಸಕ್ಕರೆಯ ಪುಸ್ತಕದಲ್ಲಿಯೂ ಬರೆದಿಡಿ.

ಮೂತ್ರಪಿಂಡಗಳು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಎಳೆಯುತ್ತಿವೆ. ನಮ್ಮ ಮೇದೋಜೀರಕ ಗ್ರಂಥಿ ಸ್ರವಿಸುವ ಇನ್ಸುಲಿನ್ ಮೊದಲು ಯಕೃತ್ತಿಗೆ ಹೋಗುತ್ತದೆ ಮತ್ತು ಅದರಲ್ಲಿ ಅರ್ಧದಷ್ಟು ಅಲ್ಲಿಯೇ ಖರ್ಚಾಗುತ್ತದೆ. ಚರ್ಮದಡಿ ಚುಚ್ಚಿದ ಇನ್ಸುಲಿನ್ನಿಗೆ ಆ ದಾರಿಯಿಲ್ಲ. ಅದು ನೇರವಾಗಿ ರಕ್ತಕ್ಕೆ ಸೇರುವುದರಿಂದ ಅದನ್ನು ಒಡೆದು ಹೊರಹಾಕುವ ಕೆಲಸದ ದೊಡ್ಡ ಪಾಲು ಮೂತ್ರಪಿಂಡಗಳ ಮೇಲೆ ಬೀಳುತ್ತದೆ. ಅವು ಸೋತಾಗ ಅಷ್ಟೇ ಯೂನಿಟ್ ಇನ್ಸುಲಿನ್ ಹೆಚ್ಚು ಹೊತ್ತು ಉಳಿಯುತ್ತದೆ, ಹೆಚ್ಚು ಕೆಲಸ ಮಾಡುತ್ತದೆ. ಇದರ ಜೊತೆಗೆ ಇನ್ನೊಂದು ನಷ್ಟವೂ ಇದೆ: ಹೊಟ್ಟೆ ಖಾಲಿಯಿರುವಾಗ ಹೊಸದಾಗಿ ಗ್ಲುಕೋಸ್ ತಯಾರಿಸುವ ಕೆಲಸದಲ್ಲಿ ಯಕೃತ್ತಿಗೆ ಜೊತೆಯಾಗುವುದು ಮೂತ್ರಪಿಂಡವೇ, ಆ ನೆರವೂ ಕಡಿಮೆಯಾಗುತ್ತದೆ. ಆದ್ದರಿಂದಲೇ ಶೋಧನೆಯ ವೇಗ 50ಕ್ಕಿಂತ ಕೆಳಗಿಳಿದಾಗ ಇನ್ಸುಲಿನ್ನಿನ ಒಟ್ಟು ಪ್ರಮಾಣವನ್ನು ಸುಮಾರು ಕಾಲು ಭಾಗ, 10ಕ್ಕಿಂತ ಕೆಳಗಿಳಿದಾಗ ಅರ್ಧದಷ್ಟು ತಗ್ಗಿಸುವ ರೂಢಿ ವೈದ್ಯರಲ್ಲಿದೆ. ಇದು ಆರಂಭದ ಅಂದಾಜು ಮಾತ್ರ, ಯಾರಿಗೂ ಕಣ್ಣುಮುಚ್ಚಿ ಅನ್ವಯಿಸುವ ಸೂತ್ರವಲ್ಲ. ಗ್ಲಿಮೆಪಿರೈಡ್ ಇರುವ ಸಲ್ಫೊನೈಲ್‌ಯೂರಿಯಾ ಗುಂಪಿನ ಮಾತ್ರೆಗಳ ಕತೆಯೂ ಇದೇ. ಗ್ಲಿಬೆನ್‌ಕ್ಲಮೈಡ್ ಎಂಬ ಹಳೆಯ ಮಾತ್ರೆ ಈ ವಿಷಯದಲ್ಲಿ ಎಲ್ಲಕ್ಕಿಂತ ಅಪಾಯಕಾರಿ. ಗ್ಲಿಮೆಪಿರೈಡ್ ಕೂಡ ದೇಹದಲ್ಲಿ ರೂಪಾಂತರಗೊಂಡ ಮೇಲೆ ಸ್ವಲ್ಪ ಶಕ್ತಿಯನ್ನು ಉಳಿಸಿಕೊಂಡಿರುವುದರಿಂದ ದುರ್ಬಲ ಮೂತ್ರಪಿಂಡಗಳಲ್ಲಿ ಅದು ಬಾಕಿಯಾಗಿ ಕೂರಬಹುದು. ದಿನಕ್ಕೆರಡು ಸಲ ಮಿಶ್ರ ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಇಜಿಎಫ್‌ಆರ್ 34 ಇರುವಾಗ, ಈ ಮಾತ್ರೆಯ ಅಗತ್ಯವೇನು ಎಂಬ ಪ್ರಶ್ನೆಯನ್ನು ನಿಮ್ಮ ವೈದ್ಯರ ಮುಂದೆ ಇಡುವುದು ತಪ್ಪಲ್ಲ.

ಈಗ ಎರಡನ್ನೂ ಒಂದೇ ದಿನದೊಳಗೆ ಇಟ್ಟು ನೋಡಿ. ಸಂಜೆ ಸ್ಟಿರಾಯ್ಡ್ ಸಕ್ಕರೆಯನ್ನು 300ಕ್ಕೆ ಏರಿಸುತ್ತದೆ. ಆ ಅಂಕಿಯನ್ನು ಕಂಡವರು ಸಹಜವಾಗಿಯೇ ಮುಂದಿನ ಇಂಜೆಕ್ಷನ್ನಿನ, ಅಂದರೆ ರಾತ್ರಿಯ ಇನ್ಸುಲಿನ್ನಿನ, ಪ್ರಮಾಣವನ್ನು ಹೆಚ್ಚಿಸುತ್ತಾರೆ. ಸಾಮಾನ್ಯವಾಗಿ ಬಳಸುವ ಮಿಶ್ರ ಇನ್ಸುಲಿನ್ನಿನಲ್ಲಿ ನೂರಕ್ಕೆ 70 ಭಾಗ ನಿಧಾನವಾಗಿ ಕೆಲಸ ಮಾಡುವಂಥದ್ದು. ರಾತ್ರಿ ಎಂಟೂವರೆಗೆ ಚುಚ್ಚಿದರೆ ಅದರ ಬಲ ನಡುರಾತ್ರಿಯಿಂದ ನಸುಕಿನ ನಡುವೆ ತುದಿ ಮುಟ್ಟುತ್ತದೆ. ಆ ಹೊತ್ತಿಗೆ ಪ್ರೆಡ್ನಿಸೋಲೋನಿನ ಪ್ರಭಾವ ಮುಗಿದಿರುತ್ತದೆ, ಊಟ ಅರಗಿರುತ್ತದೆ, ಮೂತ್ರಪಿಂಡ ಇನ್ಸುಲಿನ್ನನ್ನು ಬೇಗ ಹೊರಹಾಕುತ್ತಿರುವುದಿಲ್ಲ, ಹೊಸ ಗ್ಲುಕೋಸಿನ ಪೂರೈಕೆಯೂ ಮಂದವಾಗಿರುತ್ತದೆ. ಮೂರು ಗಂಟೆಯ 56 ಎಂಬ ಅಂಕಿ ಬರುವುದು ಹೀಗೆ. ಸಂಜೆಯ ತಪ್ಪಿಗೆ ರಾತ್ರಿಯನ್ನು ದಂಡಿಸಿದಂತೆ ಆಗಿದೆ. ಇದಕ್ಕೆ ಸಾಮಾನ್ಯ ಪರಿಹಾರವೆಂದರೆ ಇನ್ಸುಲಿನ್ನಿನ ಭಾರವನ್ನು ರಾತ್ರಿಯಿಂದ ತೆಗೆದು ಬೆಳಿಗ್ಗೆಗೆ ಅಥವಾ ಮಧ್ಯಾಹ್ನಕ್ಕೆ ಸರಿಸುವುದು. ಬೆಳಿಗ್ಗೆ ಪ್ರೆಡ್ನಿಸೋಲೋನ್ ನುಂಗುವ ಹೊತ್ತಿಗೇ ಮಧ್ಯಮಾವಧಿಯ ಇನ್ಸುಲಿನ್ ಕೊಟ್ಟರೆ ಎರಡರ ಏರುವ ಹೊತ್ತೂ ಇಳಿಯುವ ಹೊತ್ತೂ ಬಹಳಷ್ಟು ಹೊಂದಿಕೊಳ್ಳುತ್ತವೆ. ಎಷ್ಟು ಯೂನಿಟ್ ಎಂಬುದನ್ನು ನಿಮ್ಮನ್ನು ಪರೀಕ್ಷಿಸುವ ವೈದ್ಯರೇ ನಿರ್ಧರಿಸಬೇಕು. ಆದರೆ ನಸುಕಿನಲ್ಲಿ ಮೂರು ಸಲ 70ಕ್ಕಿಂತ ಕೆಳಗೆ ಇಳಿದಿರುವ ವಿಷಯವನ್ನು ಮುಂದಿನ ಭೇಟಿಯವರೆಗೆ ಇಟ್ಟುಕೊಳ್ಳಬೇಡಿ; ಇಂದೇ ಫೋನ್ ಮಾಡಿ ತಿಳಿಸಿ.

ರಾತ್ರಿ ಸಕ್ಕರೆ ಬಿದ್ದರೆ ಬೆಳಿಗ್ಗೆ ಅದು ಚಿಮ್ಮಿ ಮೇಲೇರುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಕಳೆದ ಶತಮಾನದ ಮೂವತ್ತರ ದಶಕದಲ್ಲಿ ಮೈಕೇಲ್ ಸೊಮೊಜಿ ಮುಂದಿಟ್ಟ ವಾದವಿದು. ನಿರಂತರ ಮಾಪನದ ಸೆನ್ಸರ್‌ಗಳು ಬಂದ ಮೇಲೆ ಈ ವಾದ ದುರ್ಬಲವಾಗಿದೆ; ರಾತ್ರಿ ಸಕ್ಕರೆ ಬಿದ್ದವರಲ್ಲಿ ಬೆಳಗಿನ ಅಂಕಿ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ, ನಿಮ್ಮ ಪಟ್ಟಿಯಲ್ಲಿ ಇರುವ ಹಾಗೆ. ಬೆಳಿಗ್ಗೆ ಏರುವವರಲ್ಲಿ ಬಹುಪಾಲು ಜನರಿಗೆ ಕಾರಣ ನಸುಕಿನಲ್ಲಿ ಹೆಚ್ಚುವ ಕಾರ್ಟಿಸೋಲ್ ಮತ್ತು ಬೆಳವಣಿಗೆಯ ಹಾರ್ಮೋನ್.

ಇನ್ನು ಎಲ್ಲರನ್ನೂ ಸಮಾಧಾನಪಡಿಸಿದ ಆ 6.9. ಎಚ್‌ಬಿಎ1ಸಿ ಎಂದರೆ ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡ ಗ್ಲುಕೋಸಿನ ಪ್ರಮಾಣ. ಕಣ ಸುಮಾರು 120 ದಿನ ಬದುಕುತ್ತದೆ ಎಂಬ ನಂಬಿಕೆಯ ಮೇಲೆ ಈ ಪರೀಕ್ಷೆಯ ಲೆಕ್ಕವೆಲ್ಲ ನಿಂತಿದೆ. ಮೂತ್ರಪಿಂಡದ ಕಾಯಿಲೆಯಲ್ಲಿ ಕಣಗಳ ಆಯುಷ್ಯವೇ ಕಡಿಮೆ. ಅದರ ಮೇಲೆ ನೀವು ತೆಗೆದುಕೊಳ್ಳುತ್ತಿರುವ ಎರಿಥ್ರೊಪೊಯೆಟಿನ್ ಹೊಸ ಕಣಗಳನ್ನು ಒಂದೇ ಸಮನೆ ರಕ್ತಕ್ಕೆ ಸೇರಿಸುತ್ತಿದೆ. ಹೊಸ ಕಣಕ್ಕೆ ಸಕ್ಕರೆ ಅಂಟಿಸಿಕೊಳ್ಳಲು ಸಮಯವೇ ಸಿಕ್ಕಿರುವುದಿಲ್ಲ, ಆದ್ದರಿಂದ ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ. ಸಾಮಾನ್ಯ ಸೂತ್ರದ ಪ್ರಕಾರ 6.9 ಎಂದರೆ ಸರಾಸರಿ ಸಕ್ಕರೆ ಸುಮಾರು 151. ನಿಮ್ಮ ಮೀಟರಿನ ಮೂರು ವಾರಗಳ ಸರಾಸರಿ 196. ಅದಕ್ಕೆ ಹೊಂದಬೇಕಾದ ಎಚ್‌ಬಿಎ1ಸಿ ಎಂಟೂವರೆಯ ಸಮೀಪ. ನೀವು ಸಂಜೆಯ ಹೊತ್ತಿಗೇ ಹೆಚ್ಚು ಸಲ ನೋಡಿಕೊಂಡಿರುವುದರಿಂದ ಮೀಟರಿನ ಸರಾಸರಿಯೂ ತುಸು ಮೇಲಕ್ಕೆ ವಾಲಿದೆ ಎಂಬುದು ನಿಜ, ಆದರೆ ಇಷ್ಟು ದೊಡ್ಡ ಅಂತರಕ್ಕೆ ಅದೊಂದೇ ಕಾರಣವಾಗಲಾರದು. ಕಬ್ಬಿಣದ ಕೊರತೆಯಿರುವವರಲ್ಲಿ ಇದಕ್ಕೆ ತದ್ವಿರುದ್ಧವಾಗಿ ಅಂಕಿ ಸುಳ್ಳೇ ಹೆಚ್ಚಾಗಿ ಬರಬಹುದು. ಇತ್ತೀಚೆಗೆ ರಕ್ತ ಕೊಡಿಸಿಕೊಂಡವರಲ್ಲಿ, ಥಲಸ್ಸೀಮಿಯಾದಂಥ ಹಿಮೋಗ್ಲೋಬಿನ್ ದೋಷವಿರುವವರಲ್ಲಿ, ಗುಲ್ಮ ಊದಿರುವ ಯಕೃತ್ತಿನ ಕಾಯಿಲೆಯವರಲ್ಲಿ ಈ ಪರೀಕ್ಷೆಯನ್ನು ಒಂಟಿ ಸಾಕ್ಷಿಯಾಗಿ ಒಪ್ಪಿಕೊಳ್ಳಬಾರದು. ಎರಡು ಮೂರು ವಾರಗಳ ಸರಾಸರಿ ಹೇಳುವ ಫ್ರಕ್ಟೋಸಮೈನ್ ಎಂಬ ಪರೀಕ್ಷೆಯಿದೆ, ಆದರೆ ಮೂತ್ರದಲ್ಲಿ ಪ್ರೋಟೀನ್ ಹೆಚ್ಚಾಗಿ ಸೋರಿಹೋಗುವವರಲ್ಲಿ ಅದೂ ಎಡವುತ್ತದೆ. ಇಷ್ಟಕ್ಕೂ ಎಚ್‌ಬಿಎ1ಸಿ ಸರಿಯಾಗಿಯೇ ಬಂದಿದ್ದರೂ ಅದು ಸರಾಸರಿ ಮಾತ್ರ. ಒಂದು ಕಾಲು ಕೆಂಡದಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ ಇಟ್ಟವರಿಗೆ ಸರಾಸರಿ ಹದವಾಗಿದೆ ಎಂದು ಹೇಳಿದ ಹಾಗೆ.

ಮೀಟರನ್ನೂ ಪೂರ್ತಿ ನಂಬಬೇಕಿಲ್ಲ. ಒಳ್ಳೆಯ ಗ್ಲುಕೋಮೀಟರಿಗೂ 100ರ ಮೇಲೆ ಶೇಕಡಾ 15ರಷ್ಟು, ಅದಕ್ಕಿಂತ ಕೆಳಗೆ 15 ಅಂಕಿಗಳಷ್ಟು ಆಚೀಚೆ ಆಗಲು ಅಂತರರಾಷ್ಟ್ರೀಯ ಮಾನದಂಡವೇ ಅವಕಾಶ ಕೊಟ್ಟಿದೆ. ಆದ್ದರಿಂದ 140 ಮತ್ತು 155ರ ನಡುವಿನ ವ್ಯತ್ಯಾಸಕ್ಕೆ ಅರ್ಥ ಹುಡುಕಿ ತಲೆ ಕೆಡಿಸಿಕೊಳ್ಳಬೇಡಿ. ಬೆರಳಿಗೆ ಹಣ್ಣಿನ ರಸ ಅಂಟಿದ್ದರೆ ಅಂಕಿ ಆಕಾಶಕ್ಕೇರುತ್ತದೆ. ಕೈ ತೊಳೆದು ಒರೆಸಿಕೊಂಡು ಮತ್ತೊಮ್ಮೆ ನೋಡುವುದರಿಂದ ಎಷ್ಟೋ ಅನಗತ್ಯ ಇಂಜೆಕ್ಷನ್‌ಗಳು ತಪ್ಪಿವೆ. ತೀವ್ರ ರಕ್ತಹೀನತೆಯಿರುವಾಗ ಕೆಲವು ಮೀಟರ್‌ಗಳು ನಿಜಕ್ಕಿಂತ ಹೆಚ್ಚು ತೋರಿಸುತ್ತವೆ, ಅಂದರೆ ನಿಮ್ಮ 64 ನಿಜದಲ್ಲಿ ಇನ್ನೂ ಕಡಿಮೆ ಇದ್ದಿರಬಹುದು. ಮುಂದಿನ ಸಲ ಪ್ರಯೋಗಾಲಯಕ್ಕೆ ರಕ್ತ ಕೊಡುವಾಗ ಅದೇ ನಿಮಿಷದಲ್ಲಿ ನಿಮ್ಮ ಮೀಟರಿನಲ್ಲಿಯೂ ನೋಡಿ ಎರಡನ್ನೂ ಹೋಲಿಸಿ. ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್‌ನಲ್ಲಿ ಐಕೊಡೆಕ್ಸ್‌ಟ್ರಿನ್ ಎಂಬ ದ್ರಾವಣ ಬಳಸುವವರಿಗೆ ಮೀಟರಿಗೆ ಹಾಕುವ ಕೆಲವು ಬಗೆಯ ಪರೀಕ್ಷಾ ಪಟ್ಟಿಗಳು (ಸ್ಟ್ರಿಪ್) ಅಪಾಯಕರವಾದಷ್ಟು ಸುಳ್ಳು ಏರಿಕೆ ತೋರಿಸುತ್ತವೆ. ಇದು ನಿಮಗೆ ಸಂಬಂಧಿಸದಿದ್ದರೂ ಈ ಉತ್ತರವನ್ನು ಓದುವ ಯಾರಿಗಾದರೂ ಬೇಕಾಗಬಹುದು.

ನಿಮ್ಮ ಮನಸ್ಸು 310ರ ಮೇಲೆ ನೆಟ್ಟಿದೆ, ನನ್ನದು 56ರ ಮೇಲೆ. ಕೆಲವು ವಾರ ಸಂಜೆ 300 ಇದ್ದರೆ ಆಗುವ ಹಾನಿ ನಿಧಾನದ್ದು, ತಿದ್ದಿಕೊಳ್ಳಲು ಸಮಯವಿರುವಂಥದ್ದು. ನಸುಕಿನ 56ಕ್ಕೆ ಆ ಸಮಯವಿಲ್ಲ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಎಚ್ಚರಿಕೆ, 54ಕ್ಕಿಂತ ಕೆಳಗಿಳಿದರೆ ಮೆದುಳಿಗೇ ಕೊರತೆ. ಹೃದಯದ ಲಯ ತಪ್ಪಬಹುದು, ಕತ್ತಲಲ್ಲಿ ಎದ್ದು ಬಿದ್ದು ಮೂಳೆ ಮುರಿಯಬಹುದು, ಅದರಲ್ಲೂ ಸ್ಟಿರಾಯ್ಡ್ ಮೂಳೆಯನ್ನು ಸವೆಸಿರುವಾಗ. ಪದೇ ಪದೇ ಸಕ್ಕರೆ ಬೀಳುವವರಲ್ಲಿ ದೇಹ ಎಚ್ಚರಿಕೆ ಕೊಡುವುದನ್ನೇ ಮರೆಯುತ್ತದೆ. ನಿಮ್ಮ ವಿಷಯದಲ್ಲಿ ಮೆಟೊಪ್ರೊಲೋಲ್ ಕೂಡ ಎದೆಬಡಿತವನ್ನೂ ನಡುಕವನ್ನೂ ಮರೆಮಾಡುತ್ತದೆ. ಅದು ಮುಚ್ಚಿಡಲಾರದ ಲಕ್ಷಣ ಮುಖ್ಯವಾಗಿ ಬೆವರು. ನೀವು ಬೆವತು ಎಚ್ಚರಗೊಂಡದ್ದು ಅದೃಷ್ಟವೆಂದೇ ನಾನು ಭಾವಿಸುತ್ತೇನೆ. ಸಮಾಧಾನದ ಸಂಗತಿಯೆಂದರೆ, ಕೆಲವು ವಾರ ಸಕ್ಕರೆ ಒಮ್ಮೆಯೂ ಬೀಳದಂತೆ ನೋಡಿಕೊಂಡರೆ ಕಳೆದುಹೋದ ಎಚ್ಚರಿಕೆಯ ಲಕ್ಷಣಗಳು ಬಹುಮಟ್ಟಿಗೆ ಮರಳುತ್ತವೆ.

ಬಿದ್ದಾಗ ಮಾಡಬೇಕಾದದ್ದು: 15 ಗ್ರಾಂ ಗ್ಲುಕೋಸ್ ಬಾಯಿಗೆ ಹಾಕಿಕೊಳ್ಳುವುದು, 15 ನಿಮಿಷ ಬಿಟ್ಟು ಮತ್ತೆ ನೋಡುವುದು, ಏರದಿದ್ದರೆ ಇನ್ನೊಮ್ಮೆ ಅಷ್ಟೇ ತೆಗೆದುಕೊಳ್ಳುವುದು. ಚಾಕೊಲೇಟಿನಲ್ಲಿರುವ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ತಡಮಾಡುತ್ತದೆ, ಹಣ್ಣಿನ ರಸದಲ್ಲಿ ಪೊಟ್ಯಾಸಿಯಂ ಇರುವುದರಿಂದ ಅದು ನಿಮ್ಮ ಮೂತ್ರಪಿಂಡಗಳಿಗೆ ಒಳ್ಳೆಯದಲ್ಲ. ಗ್ಲುಕೋಸ್ ಪುಡಿ ಅಥವಾ ಮಾತ್ರೆ ಹಾಸಿಗೆಯ ಪಕ್ಕದಲ್ಲೇ ಇರಲಿ. ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಿರುವವರೆಗೆ ಒಂದು ಮಾತು ನೆನಪಿರಲಿ: ಈ ಗುಂಪಿನ ಮಾತ್ರೆಯಿಂದ ಬಿದ್ದ ಸಕ್ಕರೆ, ದುರ್ಬಲ ಮೂತ್ರಪಿಂಡ ಇರುವವರಲ್ಲಿ, ಒಮ್ಮೆ ಏರಿದ ಮೇಲೂ ಇಡೀ ದಿನ ಮತ್ತೆ ಮತ್ತೆ ಬೀಳಬಹುದು. ಎಚ್ಚರ ತಪ್ಪುವಂತಾದರೆ, ಮಾತು ತೊದಲಿದರೆ, ಎರಡನೆಯ ಸಲದ ಗ್ಲುಕೋಸಿಗೂ ಸಕ್ಕರೆ ಏರದಿದ್ದರೆ ಆಸ್ಪತ್ರೆಗೆ ಹೋಗಬೇಕು, ಮತ್ತು ಅಲ್ಲಿ ಒಂದು ದಿನವಾದರೂ ನಿಗಾದಲ್ಲಿ ಇರಬೇಕು. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದೆಂದು ಮನೆಯವರಿಗೆ ಹೇಳಿಡಿ.

ಹಾಗಾದರೆ ಎಷ್ಟಿರಬೇಕು? 2008ರಲ್ಲಿ ಪ್ರಕಟವಾದ ಅಕಾರ್ಡ್ ಎಂಬ ದೊಡ್ಡ ಅಧ್ಯಯನದಲ್ಲಿ ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗೆ ತರಲು ಹೊರಟ ಗುಂಪಿನಲ್ಲಿ ಸಾವುಗಳು ಹೆಚ್ಚಾದವೆಂದು ಆ ಚಿಕಿತ್ಸೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಅದರಲ್ಲಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನ ಹೃದ್ರೋಗವಿದ್ದ ಅಥವಾ ಅದರ ಅಪಾಯ ಹೆಚ್ಚಿದ್ದ ಮಧುಮೇಹಿಗಳು. ಆನಂತರ ಹಲವು ಕಾಯಿಲೆಗಳು ಒಟ್ಟಿಗಿರುವವರಿಗೆ ಗುರಿಯನ್ನು ಸಡಿಲಿಸಿ 8ರ ಸುತ್ತ ಇಡುವ ರೂಢಿ ಬಲಗೊಂಡಿತು. ಸೆನ್ಸರಿನ ಲೆಕ್ಕದಲ್ಲಿ ಹೇಳುವುದಾದರೆ, ನಿಮ್ಮಂಥವರಿಗೆ ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು 70ರಿಂದ 180ರ ನಡುವೆ ಇದ್ದರೆ ಸಾಕು, ಆದರೆ 70ಕ್ಕಿಂತ ಕೆಳಗಿನ ಹೊತ್ತು ಶೇಕಡಾ ಒಂದನ್ನು, ಅಂದರೆ ದಿನಕ್ಕೆ ಕಾಲು ಗಂಟೆಯನ್ನು, ಮೀರಬಾರದು. ಮೇಲಿನ ಅಂಕಿಗೆ ತೋರಿಸುವ ಉದಾರತೆಯನ್ನು ಕೆಳಗಿನದಕ್ಕೆ ತೋರಿಸುವಂತಿಲ್ಲ.

ಊಟವಾದ ಮೇಲೂ ಸಕ್ಕರೆ ಬೀಳುವ ದಿನಗಳ ಬಗ್ಗೆ ಬರೆದಿದ್ದೀರಿ. ಹದಿನಾಲ್ಕು ವರ್ಷಗಳ ಮಧುಮೇಹ ಜಠರವನ್ನು ಆಳುವ ವೇಗಸ್ ನರವನ್ನು ದುರ್ಬಲಗೊಳಿಸಿರಬಹುದು. ಆಗ ತಿಂದದ್ದು ಹೊಟ್ಟೆಯಲ್ಲೇ ಗಂಟೆಗಟ್ಟಲೆ ನಿಲ್ಲುತ್ತದೆ. ಇನ್ಸುಲಿನ್ ಮಾತ್ರ ಹೊತ್ತಿಗೆ ಸರಿಯಾಗಿ ಬಂದು, ಎದುರಿಗೆ ಗ್ಲುಕೋಸ್ ಇಲ್ಲದೆ ಇದ್ದುದನ್ನೇ ಖಾಲಿ ಮಾಡುತ್ತದೆ. ಊಟದ ನಂತರ ಮೊದಲು ಇಳಿಕೆ, ನಾಲ್ಕೈದು ಗಂಟೆಗಳ ಮೇಲೆ ಏರಿಕೆ ಎಂಬ ತಿರುಗುಮುರುಗು ಕ್ರಮ ಇದರ ಗುರುತು. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಉಬ್ಬರ, ಹಿಂದಿನ ಊಟದ ವಾಂತಿ ಇವೆಯೇ ಎಂದು ಗಮನಿಸಿ ವೈದ್ಯರಿಗೆ ತಿಳಿಸಿ. ಹೊಟ್ಟೆ ಖಾಲಿಯಾಗುವ ವೇಗವನ್ನು ಅಳೆಯುವ ಪರೀಕ್ಷೆ ಇದೆ.

ಇನ್ನೊಂದು ಕಾರಣ ಬಹಳ ಸಾಧಾರಣವಾದದ್ದು, ಹಾಗಾಗಿಯೇ ಯಾರೂ ನೋಡುವುದಿಲ್ಲ. ಹೊಟ್ಟೆಯ ಅದೇ ಜಾಗಕ್ಕೆ ವರ್ಷಗಟ್ಟಲೆ ಚುಚ್ಚಿದರೆ ಚರ್ಮದಡಿ ಕೊಬ್ಬಿನ ಗಂಟು ಕಟ್ಟುತ್ತದೆ. ಅಲ್ಲಿ ನೋವು ಕಡಿಮೆಯಾದ್ದರಿಂದ ಕೈ ಅಲ್ಲಿಗೇ ಹೋಗುತ್ತದೆ, ಆದರೆ ಆ ಗಂಟಿನಿಂದ ಇನ್ಸುಲಿನ್ ಒಂದು ದಿನ ಅರ್ಧ, ಇನ್ನೊಂದು ದಿನ ಪೂರ್ತಿ ಹೀರಲ್ಪಡುತ್ತದೆ. ನನ್ನ ಬಳಿ ಬಂದಿದ್ದ ಒಬ್ಬರ ಸಕ್ಕರೆಗೆ ಮೂರು ಸಲ ಔಷಧ ಬದಲಿಸಿದ ಮೇಲೆ, ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ, ನಾನು ಅವರ ಹೊಟ್ಟೆಯನ್ನು ಮುಟ್ಟಿ ನೋಡಿದ್ದು. ನಿಮ್ಮ ಬೆರಳಿನಿಂದ ನೀವೇ ಸವರಿ ನೋಡಿಕೊಳ್ಳಿ. ಗಂಟಿದ್ದರೆ ಜಾಗ ಬದಲಿಸುವ ಮುನ್ನ ವೈದ್ಯರನ್ನು ಕೇಳಿ, ಏಕೆಂದರೆ ಆರೋಗ್ಯವಂತ ಚರ್ಮಕ್ಕೆ ಅಷ್ಟೇ ಯೂನಿಟ್ ಚುಚ್ಚಿದರೆ ಅದು ಪೂರ್ತಿ ಹೀರಲ್ಪಟ್ಟು ಸಕ್ಕರೆ ಬೀಳಬಹುದು. ಮಿಶ್ರ ಇನ್ಸುಲಿನ್ ಮೋಡದಂತೆ ಮಬ್ಬಾಗಿರುತ್ತದೆ. ಅಂಗೈಗಳ ನಡುವೆ ನಿಧಾನವಾಗಿ ಹೊರಳಿಸಿ ಒಂದೇ ಸಮನಾಗುವಂತೆ ಮಾಡದಿದ್ದರೆ ಪ್ರತಿ ಸಲವೂ ಬೇರೆ ಬೇರೆ ಔಷಧ ಚುಚ್ಚಿಕೊಂಡಂತೆಯೇ.

ಕೀಲುನೋವು ಉಲ್ಬಣಿಸಿದ ದಿನಗಳಲ್ಲಿ, ಜ್ವರ ಅಥವಾ ಮೂತ್ರದ ಸೋಂಕು ಬಂದಾಗ, ನಿದ್ರೆಗೆಟ್ಟಾಗ ಅಡ್ರಿನಲಿನ್ ಮತ್ತು ಕಾರ್ಟಿಸೋಲ್ ಸಕ್ಕರೆಯನ್ನು ಏರಿಸುತ್ತವೆ. ಕೆಲವೊಮ್ಮೆ ಸೋಂಕಿನ ಮೊದಲ ಸುಳಿವೇ ಕಾರಣವಿಲ್ಲದ ಏರಿಕೆ. ಆದರೆ ಸೋಂಕಿಗೆ ಕೊಡುವ ಔಷಧಗಳನ್ನೂ ಗಮನಿಸಬೇಕು: ಲಿವೊಫ್ಲಾಕ್ಸಸಿನ್ ಗುಂಪಿನ ಆಂಟಿಬಯಾಟಿಕ್‌ಗಳು ಸಕ್ಕರೆಯನ್ನು ಎರಡೂ ದಿಕ್ಕಿಗೆ ತಳ್ಳಬಲ್ಲವು, ಕೋಟ್ರೈಮೊಕ್ಸಜೋಲ್ ಮೂತ್ರಪಿಂಡ ದುರ್ಬಲವಿರುವವರಲ್ಲಿ ಸಕ್ಕರೆಯನ್ನು ಕೆಡವಬಹುದು. ಸಂಧಿವಾತಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೊಕ್ವಿನ್ ಕೂಡ ಸಕ್ಕರೆಯನ್ನು ತಗ್ಗಿಸುತ್ತದೆ. ಬೇರೆ ಕಾಯಿಲೆಯವರಿಗೆ ಬೇರೆ ಕ್ರಮಗಳಿವೆ. ಯಕೃತ್ತು ಗಡುಸಾದವರಲ್ಲಿ ಗ್ಲುಕೋಸಿನ ದಾಸ್ತಾನು ಬರಿದಾಗಿರುವುದರಿಂದ ಉಪವಾಸದಲ್ಲಿ ಇಳಿಕೆ, ಉಂಡ ಮೇಲೆ ಏರಿಕೆ. ಮೇದೋಜೀರಕ ಗ್ರಂಥಿಯೇ ಹಾಳಾದವರಲ್ಲಿ ಇನ್ಸುಲಿನ್ ಜೊತೆಗೆ ಸಕ್ಕರೆಯನ್ನು ಎತ್ತುವ ಗ್ಲುಕಗಾನ್ ಕೂಡ ಇಲ್ಲವಾಗುವುದರಿಂದ ಏರಿಳಿತ ಇನ್ನಷ್ಟು ತೀವ್ರ. ಇನ್ಸುಲಿನ್ನಿನ ಅಗತ್ಯವು ಕಾರಣವಿಲ್ಲದೆ ಕಡಿಮೆಯಾಗುತ್ತ ಹೋದರೆ, ತೂಕವೂ ರಕ್ತದೊತ್ತಡವೂ ಇಳಿದರೆ, ಅಡ್ರಿನಲ್ ಮತ್ತು ಥೈರಾಯ್ಡ್ ಗ್ರಂಥಿಗಳ ಕಡೆ ನೋಡಬೇಕು.

ಮುಂದಿನ ಎರಡು ವಾರ ಹೆಚ್ಚು ಸಲ ನೋಡುವುದಕ್ಕಿಂತ ಹೊತ್ತು ಆರಿಸಿ ನೋಡಿ. ಎದ್ದಾಗ, ಮಧ್ಯಾಹ್ನದ ಊಟಕ್ಕೆ ಮುಂಚೆ, ಸಂಜೆ ಐದಕ್ಕೆ, ಮಲಗುವಾಗ. ವಾರದಲ್ಲಿ ಎರಡು ರಾತ್ರಿ ಮೂರಕ್ಕೆ ಅಲಾರಾಂ ಇಟ್ಟು. ಒಂದು ಹಾಳೆಯ ಮೇಲೆ ಹೊತ್ತುಗಳನ್ನು ಅಡ್ಡಲಾಗಿ, ದಿನಗಳನ್ನು ಕೆಳಗಿಳಿಯುವಂತೆ ಬರೆದು, ಕಂಬಸಾಲನ್ನು ಮೇಲಿಂದ ಕೆಳಗೆ ಓದಿ. ಪಕ್ಕದಲ್ಲಿ ಮಾತ್ರೆ ಮತ್ತು ಇಂಜೆಕ್ಷನ್ ತೆಗೆದುಕೊಂಡ ಸಮಯ, ನೋವಿನ ದಿನ, ಎರಿಥ್ರೊಪೊಯೆಟಿನ್ ದಿನ ಇರಲಿ. ಚರ್ಮಕ್ಕೆ ಅಂಟಿಸುವ ಸೆನ್ಸರ್ ಹತ್ತು ಹದಿನಾಲ್ಕು ದಿನಗಳ ಮಟ್ಟಿಗಾದರೂ ಸಿಗುವುದಾದರೆ ನಿಮ್ಮ ಸ್ಥಿತಿಯಲ್ಲಿ ಅದು ಎಚ್‌ಬಿಎ1ಸಿಗಿಂತ ಬಹಳ ಹೆಚ್ಚು ಹೇಳುತ್ತದೆ. ಅದು ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು; ಆದ್ದರಿಂದ ಸಕ್ಕರೆ ವೇಗವಾಗಿ ಬದಲಾಗುವಾಗ ಹಲವು ನಿಮಿಷ ಹಿಂದೆ ಬೀಳುತ್ತದೆ. ಸೆನ್ಸರಿನ ಮೇಲೆ ಒರಗಿ ಮಲಗಿದರೆ ಸುಳ್ಳು ಇಳಿಕೆ ತೋರಿಸುತ್ತದೆ, ಹಾಗಾಗಿ ರಾತ್ರಿಯ ಇಳಿಕೆಯನ್ನು ಒಮ್ಮೆಯಾದರೂ ಬೆರಳಿನ ರಕ್ತದಿಂದ ಖಚಿತಪಡಿಸಿಕೊಳ್ಳಿ.

ಕೊನೆಗೆ ಮುಂದಿನ ತಿಂಗಳ ಮಾತು. ಪ್ರೆಡ್ನಿಸೋಲೋನ್ 10ರಿಂದ 7.5ಕ್ಕೆ ಇಳಿದಾಗ ಸಂಜೆಯ ಬೆಟ್ಟವೂ ತಗ್ಗುತ್ತದೆ. ಇನ್ಸುಲಿನ್ ಮಾತ್ರ ಹಿಂದಿನಷ್ಟೇ ಇದ್ದರೆ ಈಗ ನಸುಕಿಗಷ್ಟೇ ಸೀಮಿತವಾಗಿರುವ ಇಳಿಕೆ ಹಗಲಿಗೂ ಹಬ್ಬಬಹುದು. ಕೀಲುರೋಗದ ವೈದ್ಯರು ಸ್ಟಿರಾಯ್ಡ್ ಇಳಿಸುತ್ತಾರೆ, ಸಕ್ಕರೆಯ ವೈದ್ಯರಿಗೆ ಅದು ತಿಳಿಯುವುದು ಒಂದೂವರೆ ತಿಂಗಳ ನಂತರ; ಇಬ್ಬರ ನಡುವಿನ ಈ ಅಂತರದಲ್ಲಿಯೇ ಹೆಚ್ಚಿನ ಅವಘಡಗಳು ನಡೆಯುತ್ತವೆ. ಪ್ರಮಾಣ ಇಳಿಯುವ ತಾರೀಖು ಗೊತ್ತಾದ ಕೂಡಲೇ, ಮೊದಲ 7.5 ಮಿಲಿಗ್ರಾಂ ನುಂಗುವುದಕ್ಕೂ ಮುಂಚೆ, ಇನ್ಸುಲಿನ್ ಎಷ್ಟು ತಗ್ಗಿಸಬೇಕೆಂದು ಸಕ್ಕರೆಯ ವೈದ್ಯರಿಂದ ಬರೆಸಿಕೊಳ್ಳಿ. ಇಳಿಸಿದ ಮೊದಲ ವಾರ ದಿನಕ್ಕೆ ನಾಲ್ಕು ಸಲವೂ ತಪ್ಪದೆ ನೋಡಿಕೊಳ್ಳಿ. ಸಕ್ಕರೆ ಏರುತ್ತದೆಂಬ ಬೇಸರದಲ್ಲಿ ಪ್ರೆಡ್ನಿಸೋಲೋನನ್ನು ನೀವಾಗಿಯೇ ನಿಲ್ಲಿಸುವ ಯೋಚನೆ ಬಂದರೆ ಅದನ್ನು ಬಿಟ್ಟುಬಿಡಿ. ಒಂದು ವರ್ಷ ಹೊರಗಿನಿಂದ ಸ್ಟಿರಾಯ್ಡ್ ಪಡೆದ ದೇಹದಲ್ಲಿ ಅದನ್ನು ತಾವೇ ತಯಾರಿಸಬೇಕಾದ ಅಡ್ರಿನಲ್ ಗ್ರಂಥಿಗಳು ನಿದ್ದೆಹೋಗಿರುತ್ತವೆ, ಒಮ್ಮೆಲೇ ನಿಲ್ಲಿಸಿದರೆ ಸಕ್ಕರೆಯ ಜೊತೆಗೆ ರಕ್ತದೊತ್ತಡವೂ ಕುಸಿಯಬಹುದು.